ಗಡಸು ನೀರಿನ ಊರಲ್ಲಿ ಮೇಕಪ್ ತೆಗೆಯಲು ಯಾವ ಕ್ಲೆನ್ಸರ್ ಕೊಳ್ಳಬೇಕು?

ಮದುವೆ ಮುಗಿಸಿಕೊಂಡು ಮನೆಗೆ ಬಂದು ಸೋಪು ಹಚ್ಚಿ ಎರಡು ಮೂರು ಸಲ ಮುಖ ತೊಳೆದರೂ ಟವೆಲ್ಲಿಗೆ ಕಂದು ಬಣ್ಣ ಹತ್ತುತ್ತದೆ. ಬೆಳಿಗ್ಗೆ ಎದ್ದಾಗ ದಿಂಬಿಗೆ ಕಾಡಿಗೆ ಮೆತ್ತಿರುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಗದ್ದದ ಮೇಲೆ, ಕೆನ್ನೆಯ ಅಂಚಿಗೆ ಸಣ್ಣ ಗುಳ್ಳೆ ಏಳುತ್ತವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಇದು ಮನೆಮನೆಯ ಮಾತು. ಕಾರಣ ಎರಡು. ಈಗಿನ ಮೇಕಪ್ಪು ಬೆವರಿಗೂ ನೀರಿಗೂ ಜಗ್ಗದಂತೆ ತಯಾರಾದದ್ದು, ಬರೀ ಸೋಪಿಗೆ ಅದು ಬಗ್ಗುವುದಿಲ್ಲ. ಜೊತೆಗೆ ನಮ್ಮ ಕಡೆಯ ಬೋರ್ ನೀರು ಸೋಪಿನೊಂದಿಗೆ ಸೇರಿ ತಾನೇ ಒಂದು ಅಂಟು ಪದರ ಬಿಡುತ್ತದೆ. ಹಾಗಾಗಿ ಕ್ಲೆನ್ಸರ್ ಕೊಳ್ಳಲು ಹೋದಾಗ ಬ್ರ್ಯಾಂಡಿನ ಹೆಸರು ಕೇಳುವುದಕ್ಕಿಂತ ಮೊದಲು ಗೊತ್ತಿರಬೇಕಾದ್ದು ಎರಡೇ ಸಂಗತಿ: ಮುಖದ ಮೇಲಿನ ಮೇಕಪ್ಪು ಯಾವುದರಿಂದ ಹಿಡಿದುಕೊಂಡಿದೆ, ಮತ್ತು ಅದನ್ನು ತೊಳೆಯುವ ನೀರು ಎಂಥದು.

ಮೇಕಪ್ಪು ಹಿಡಿದುಕೊಂಡಿರುವುದು ಯಾವುದರಿಂದ

ಫೌಂಡೇಶನ್ನಿಗೆ ಬಣ್ಣ ಬರುವುದು ಕಬ್ಬಿಣದ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡುಗಳ ನುಣ್ಣನೆ ಪುಡಿಯಿಂದ. ಈ ಪುಡಿ ನೀರಲ್ಲೂ ಕರಗದು, ಎಣ್ಣೆಯಲ್ಲೂ ಕರಗದು. ಅದನ್ನು ಚರ್ಮಕ್ಕೆ ಹಿಡಿದಿಟ್ಟಿರುವ ಎಣ್ಣೆ, ಮೇಣ, ಸಿಲಿಕೋನ್ ಸಡಿಲವಾದರೆ ಪುಡಿ ತಾನಾಗಿಯೇ ಬಿಟ್ಟು ಬರುತ್ತದೆ. ಮಿರ್ಚಿ ಕರಿದ ಬಾಣಲೆಗೆ ಬರೀ ನೀರು ಹೊಯ್ದು ಎಷ್ಟು ಉಜ್ಜಿದರೂ ಜಿಡ್ಡು ಬಿಡುವುದಿಲ್ಲವಲ್ಲ, ಇದೂ ಹಾಗೇ. ಎಣ್ಣೆ ಜಾತಿಯದನ್ನು ಬಿಡಿಸಲು ಎಣ್ಣೆ ಜಾತಿಯದೇ ಬೇಕು.

ಡಬ್ಬಿಯ ಮೇಲೆ ವಾಟರ್‌ಪ್ರೂಫ್, ಲಾಂಗ್‌ವೇರ್, ಟ್ರಾನ್ಸ್‌ಫರ್‌ಪ್ರೂಫ್ ಎಂದಿದ್ದರೆ ಅದರಲ್ಲಿ ಸಿಲಿಕೋನ್ ಅಥವಾ ರಾಳದ ತೆಳು ಪೊರೆ ಕಟ್ಟುವ ವಸ್ತು ಇರುತ್ತದೆ ಎಂದು ತಿಳಿಯಿರಿ. ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್, ವಾಟರ್‌ಪ್ರೂಫ್ ಮಸ್ಕರಾ, 24 ಗಂಟೆಯ ಕಾಜಲ್ ಇವೆಲ್ಲ ಈ ಗುಂಪಿನವು. ಇವಕ್ಕೆ ಕ್ಲೆನ್ಸಿಂಗ್ ಆಯಿಲ್, ಕ್ಲೆನ್ಸಿಂಗ್ ಬಾಮ್ (ಮೇಣದಂತೆ ಗಟ್ಟಿಯಾಗಿರುವ ಕ್ಲೆನ್ಸಿಂಗ್ ಎಣ್ಣೆ) ಅಥವಾ ಎರಡು ಪದರದ ರಿಮೂವರ್ ಬೇಕೇ ಬೇಕು. ಕಾಂಪ್ಯಾಕ್ಟ್ ಪೌಡರ್, ಬಿಬಿ ಕ್ರೀಮ್, ಸಾದಾ ಲಿಪ್‌ಸ್ಟಿಕ್ ಇಷ್ಟೇ ಹಚ್ಚಿಕೊಂಡಿದ್ದರೆ ಮೈಸೆಲ್ಲರ್ ನೀರು (ಹತ್ತಿಗೆ ಹಾಕಿ ಒರೆಸುವ, ನೀರಿನಂಥ ಕ್ಲೆನ್ಸರ್) ಸಾಕು. ವಾಟರ್‌ಪ್ರೂಫ್ ಸನ್‌ಸ್ಕ್ರೀನ್ ಹಚ್ಚುವವರು ಮೇಕಪ್ ಮಾಡದಿದ್ದರೂ ಮೊದಲ ಗುಂಪಿಗೇ ಸೇರುತ್ತಾರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಬಹಳ ಮಂದಿ ಅದನ್ನೇ ಹಚ್ಚಿಕೊಂಡು ಓಡಾಡುತ್ತಾರೆ, ರಾತ್ರಿ ಮಾತ್ರ ನೀರು ಚಿಮುಕಿಸಿ ಮಲಗುತ್ತಾರೆ.

ಟ್ಯೂಬಿಂಗ್ ಮಸ್ಕರಾ ಎಂಬ ಒಂದು ಬಗೆ ಇದೆ. ಅದು ಎಣ್ಣೆಗೆ ಬಗ್ಗುವುದಿಲ್ಲ, ಉಗುರುಬೆಚ್ಚಗಿನ ನೀರಲ್ಲಿ ನೆನೆದರೆ ಸಣ್ಣ ಸಣ್ಣ ಎಳೆಗಳಾಗಿ ಜಾರಿ ಬರುತ್ತದೆ. ಎಣ್ಣೆ ಹಚ್ಚಿ ಹಚ್ಚಿ ಸಾಕಾದವರು ಡಬ್ಬಿಯನ್ನು ಒಮ್ಮೆ ತಿರುಗಿಸಿ ಓದಿ ನೋಡಿ.

ನೀರಿನ ಪರೀಕ್ಷೆ

ಇದನ್ನು ಯಾರೂ ಮಾಡುವುದಿಲ್ಲ. ಈ ಮೂರು ಜಿಲ್ಲೆಗಳಲ್ಲಿ ಮಾತ್ರ ಇದನ್ನು ಬಿಟ್ಟು ಕ್ಲೆನ್ಸರ್ ಆರಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆಯೇ. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ, ಗೀಸರ್ ಕಾಯಿಲ್ ಮೇಲೆ ಸುಣ್ಣದ ಹೊಪ್ಪಳೆ, ಸೋಪು ಹಚ್ಚಿದರೆ ನೊರೆ ಬಾರದೆ ಮೈ ಕೀರಲು ಕೀರಲು ಎನ್ನುವುದು, ಇವೆಲ್ಲ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ಗುರುತು. ಸೋಪಿನಲ್ಲಿರುವ ಕೊಬ್ಬಿನಾಮ್ಲಗಳು ಇವುಗಳ ಜೊತೆ ಕೂಡಿ ನೀರಲ್ಲಿ ಕರಗದ ಬಿಳಿ ಗಸಿಯಾಗುತ್ತವೆ. ಬಾತ್‌ರೂಮಿನ ನೆಲಕ್ಕೆ ಅಂಟಿಕೊಳ್ಳುವ ಅದೇ ಗಸಿ ಮುಖಕ್ಕೂ ಅಂಟುತ್ತದೆ, ಅರ್ಧ ಬಿಟ್ಟ ಮೇಕಪ್ಪನ್ನು ತನ್ನೊಳಗೆ ಹಿಡಿದುಕೊಂಡು ಕೂರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 600ರವರೆಗೆ ಒಪ್ಪುತ್ತಾರೆ.

ಮನೆಯಲ್ಲೇ ನೋಡುವ ಬಗೆ ಹೀಗೆ. ಎರಡು ಖಾಲಿ ನೀರಿನ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ 100 ಮಿಲಿ ನಲ್ಲಿ ನೀರು, ಇನ್ನೊಂದಕ್ಕೆ ಅಷ್ಟೇ ಫಿಲ್ಟರ್ ನೀರು (ಶುದ್ಧ ನೀರಿನ ಘಟಕದ ಆರ್‌ಒ ನೀರು) ಹಾಕಿ. ಟಿಎಫ್‌ಎಂ (ಸೋಪಿನಲ್ಲಿರುವ ಒಟ್ಟು ಕೊಬ್ಬಿನಂಶ) ಶೇಕಡಾವಾರು ಮುದ್ರಿಸಿರುವ ಮೈಸೋಪನ್ನು ಚಾಕುವಿನಿಂದ ಕೆರೆದು, ಎರಡಕ್ಕೂ ಸಮನಾಗಿ ಒಂದೊಂದು ಚಿಟಿಕೆ ಉದುರಿಸಿ. ಮುಚ್ಚಳ ಬಿಗಿದು 15 ಸಲ ಕುಲುಕಿ, ಐದು ನಿಮಿಷ ಬಿಡಿ. ಫಿಲ್ಟರ್ ನೀರಿನ ಮೇಲೆ ದಪ್ಪ ನೊರೆ ನಿಂತು ಕೆಳಗಿನ ನೀರು ಹೆಚ್ಚುಕಡಿಮೆ ತಿಳಿಯಾಗಿರುತ್ತದೆ. ನಲ್ಲಿ ನೀರಿನ ಬಾಟಲಿಯಲ್ಲಿ ನೊರೆ ಕುಸಿದು, ಮೊಸರು ಒಡೆದಂತೆ ಬಿಳಿ ತುಣುಕು ತೇಲುತ್ತಿದ್ದರೆ ನಿಮ್ಮದು ಗಡಸು ನೀರು. ಈ ಪರೀಕ್ಷೆಗೆ ಫೇಸ್‌ವಾಶ್ ಬಳಸಬೇಡಿ, ಫಲಿತಾಂಶ ತಪ್ಪು ಬರುತ್ತದೆ.

ಒಮ್ಮೆ ನೋಡಿದರೆ ಮುಗಿಯಲಿಲ್ಲ. ತುಂಗಭದ್ರಾ ಕಾಲುವೆಯಲ್ಲಿ ನೀರು ಹರಿಯುವಾಗ ಎಷ್ಟೋ ಊರಿನ ನಲ್ಲಿಗೆ ಮೆದು ನೀರು ಬರುತ್ತದೆ. ಕಾಲುವೆ ಬಂದಾಗಿ ಕೆರೆ ತಳ ಕಂಡ ಮೇಲೆ ಬೋರಿನದೇ ಗತಿ. ಹೋದ ದೀಪಾವಳಿಗೆ ಚೆನ್ನಾಗಿ ಹೊಂದಿದ್ದ ಫೇಸ್‌ವಾಶ್ ಮದುವೆ ಸೀಸನ್ನಿನಲ್ಲಿ ಕೈಕೊಟ್ಟರೆ ಮೊದಲು ನೀರು ಬದಲಾಗಿದೆಯೇ ನೋಡಿ. ಪಟಿಕ ತಿರುವಿದರೆ ನೀರಿನ ಕೆಸರು ತಳಕ್ಕೆ ಕೂರುತ್ತದೆ, ಗಡಸುತನ ಹೋಗುವುದಿಲ್ಲ. ಕುದಿಸಿದರೆ ಒಂದು ಭಾಗ ಕಡಿಮೆಯಾಗುತ್ತದೆ (ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ಅದೇ), ಸಲ್ಫೇಟ್, ಕ್ಲೋರೈಡ್ ರೂಪದಲ್ಲಿರುವುದು ಹಾಗೇ ಉಳಿಯುತ್ತದೆ. ಇದಕ್ಕೆಲ್ಲ ಅಗ್ಗದ ದಾರಿ ಒಂದಿದೆ. ಊರಿನ ಶುದ್ಧ ನೀರಿನ ಘಟಕದಿಂದ ತರುವ ಕ್ಯಾನಿನಲ್ಲಿ ಒಂದೂವರೆ ಲೀಟರ್ ಮುಖಕ್ಕೆಂದು ಎತ್ತಿಡಿ. ಮೊದಲ ತೊಳೆತ ನಲ್ಲಿ ನೀರಲ್ಲೇ ಆಗಲಿ, ಕೊನೆಯ ಎರಡು ತೊಳೆತ ಮಾತ್ರ ಆ ನೀರಲ್ಲಿ. ಪಾರ್ಲರಿಗೆ ಕೊಡುವ ದುಡ್ಡಿನ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ, ಆದರೆ ಮರುದಿನ ಮುಖ ನೋಡಿದರೆ ವ್ಯತ್ಯಾಸ ಕಾಣುತ್ತದೆ.

ಅಂಗಡಿಯಲ್ಲಿ ಏನು ನೋಡಬೇಕು

ಹೆಸರುಗಳನ್ನು ನಂಬಬೇಡಿ. 'ಕ್ಲೆನ್ಸರ್' ಎಂದು ಬರೆದ ಡಬ್ಬಿಯೊಳಗೆ ಸೋಪೂ ಇರಬಹುದು, ಎಣ್ಣೆಯೂ ಇರಬಹುದು. ಹಿಂದಿನ ಪಟ್ಟಿಯಲ್ಲಿ ವಸ್ತುಗಳನ್ನು ಹೆಚ್ಚಿರುವುದರಿಂದ ಕಡಿಮೆಗೆ ಇಳಿಸುತ್ತ ಬರೆದಿರುತ್ತಾರೆ. ಮೊದಲ ಐದಾರು ಹೆಸರು ಓದಿದರೆ ಬಂಡವಾಳ ತಿಳಿಯುತ್ತದೆ.

ಕ್ಲೆನ್ಸಿಂಗ್ ಆಯಿಲ್ ಆದರೆ ಎಣ್ಣೆಯ ಜೊತೆಗೆ ಪೆಗ್ (PEG), ಪಾಲಿಗ್ಲಿಸರಿಲ್, ಸಾರ್ಬೆತ್, ಪಾಲಿಸಾರ್ಬೇಟ್ ಇವುಗಳಲ್ಲಿ ಯಾವುದಾದರೂ ಹೆಸರು ಇರಬೇಕು. ಎಣ್ಣೆಯನ್ನು ನೀರಿನೊಂದಿಗೆ ಬೆರೆಸಿ ಹಾಲಿನಂತೆ ಮಾಡಿ ಹರಿಸುವುದು ಇವೇ. ಗಡಸು ನೀರಿನ ಕ್ಯಾಲ್ಸಿಯಂ ಇವನ್ನು ಕೆಡಿಸುವುದಿಲ್ಲ. ಹಾಗಾಗಿ ಬೋರ್ ನೀರಿನ ಮನೆಗೆ, ಗಟ್ಟಿ ಮೇಕಪ್ಪಿಗೆ ನಾವು ಮೊದಲು ಹೇಳುವುದು ಕ್ಲೆನ್ಸಿಂಗ್ ಆಯಿಲನ್ನೇ. ಒಮ್ಮೆಗೆ 3 ಮಿಲಿ ಹಿಡಿದರೆ 100 ಮಿಲಿ ಬಾಟಲಿ ಮೂವತ್ತು ಸಲಕ್ಕೆ ಮೇಲೆ ಬರುತ್ತದೆ. ಬಾಮ್ ಕೂಡ ಇದೇ ಕೆಲಸ ಮಾಡುತ್ತದೆ, ನಮ್ಮ ಬೇಸಿಗೆಗೆ ಮಾತ್ರ ಅದು ಒಗ್ಗುವುದಿಲ್ಲ. ಕಪಾಟಿನಲ್ಲೇ ಕರಗಿ, ಮತ್ತೆ ಗಟ್ಟಿಯಾದಾಗ ರವೆ ರವೆ ಆಗುತ್ತದೆ.

ಮೈಸೆಲ್ಲರ್ ನೀರು ಮೆಡಿಕಲ್ ಶಾಪಿನಲ್ಲೂ ಫ್ಯಾನ್ಸಿ ಸ್ಟೋರಿನಲ್ಲೂ ಸಿಗುತ್ತದೆ. ಸೌಮ್ಯ ಕ್ಲೆನ್ಸರ್ ಕಣಗಳು ಗುಂಪುಗೂಡಿ ನೀರಲ್ಲಿ ತೇಲುತ್ತಿರುತ್ತವೆ, ಜಿಡ್ಡನ್ನು ಒಳಕ್ಕೆಳೆದುಕೊಂಡು ಹತ್ತಿಗೆ ಏರಿಸುತ್ತವೆ. ಸಾದಾ ಬಗೆ ವಾಟರ್‌ಪ್ರೂಫ್ ಕಾಜಲ್ ಮುಂದೆ ಸೋಲುತ್ತದೆ. ಎಣ್ಣೆಯ ಪದರ ಮೇಲೆ ತೇಲುವ ಎರಡು ಪದರದ್ದನ್ನು ಕೇಳಿ ಪಡೆಯಿರಿ, ಕುಲುಕಿ ಬಳಸಿ. 'ತೊಳೆಯಬೇಕಿಲ್ಲ' ಎಂದು ಬಾಟಲಿಯ ಮೇಲೆ ಬರೆದಿರುತ್ತದೆ, ಆದರೂ ತೊಳೆಯಿರಿ. ಉಳಿದ ಕಣ ಇಡೀ ರಾತ್ರಿ ಚರ್ಮದ ಮೇಲಿದ್ದರೆ ಒಣಗಿಸುತ್ತದೆ, ಕೆಲವರಿಗೆ ಉರಿ ಬರುತ್ತದೆ.

ಮೇಕಪ್ಪು ಬಿಡಿಸಿದ ಮೇಲೆ ಎರಡನೆಯ ಹಂತದಲ್ಲಿ ಹಾಕುವ ಫೇಸ್‌ವಾಶ್ ವಿಷಯದಲ್ಲಿ ಎಚ್ಚರ ಬೇಕು. ಪಟ್ಟಿಯಲ್ಲಿ ಮಿರಿಸ್ಟಿಕ್ ಆಮ್ಲ, ಸ್ಟಿಯರಿಕ್ ಆಮ್ಲ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮೂರೂ ಮೇಲ್ಗಡೆಯೇ ಇದ್ದರೆ ಅದು ಟ್ಯೂಬಿನೊಳಗಿನ ಸೋಪು. ಬಿಳಿ ಕ್ರೀಮಿನಂತಿದ್ದು ಭಾರಿ ನೊರೆ ಕೊಡುವ ಎಷ್ಟೋ ಫೇಸ್‌ವಾಶ್ ಇದೇ ಜಾತಿ. ಬೋರ್ ನೀರಲ್ಲಿ ಗಸಿ ಬಿಡುತ್ತದೆ, ಮುಖ ಬಿಗಿದಂತಾಗುತ್ತದೆ. ಸೋಡಿಯಂ ಕೊಕೋಯಿಲ್ ಐಸೆಥಿಯೋನೇಟ್, ಕೊಕಮಿಡೋಪ್ರೊಪೈಲ್ ಬಿಟೇನ್, ಯಾವುದಾದರೂ ಗ್ಲುಕೋಸೈಡ್ ಇವು ಇರುವುದು ಗಡಸು ನೀರಿಗೂ ತಡೆಯುತ್ತದೆ, ಚರ್ಮಕ್ಕೂ ಹಗುರ. ಚರ್ಮ ಸಹಜವಾಗಿ ತುಸು ಆಮ್ಲೀಯ, ಪಿಹೆಚ್ ಸುಮಾರು 5. ಸೋಪಿನದು 9ರಿಂದ 10.

ಕೋಲ್ಡ್ ಕ್ರೀಮ್ ವಿಷಯದಲ್ಲಿ ಒಂದು ಗೊಂದಲ ಇದೆ. ಪಾಂಡ್ಸ್ ಹೆಸರಿನಲ್ಲಿ ಅಮೆರಿಕದಲ್ಲಿ ಮಾರುವ ಕೋಲ್ಡ್ ಕ್ರೀಮ್ ಕ್ಲೆನ್ಸರ್ ಮೇಕಪ್ ತೆಗೆಯಲೆಂದೇ ಮಾಡಿದ್ದು. ನಮ್ಮಲ್ಲಿ ಚಳಿಗಾಲಕ್ಕೆಂದು ಸಿಗುವ ಅದೇ ಕಂಪನಿಯ ಕೋಲ್ಡ್ ಕ್ರೀಮ್ ಮುಖಕ್ಕೆ ಹಚ್ಚಿ ಬಿಡುವಂಥದ್ದು. ವಿಡಿಯೋ ನೋಡಿ ಇದನ್ನು ಕೊಂಡವರಿಗೆ ಮೇಕಪ್ಪು ಅಷ್ಟು ಸಲೀಸಾಗಿ ಬರುವುದಿಲ್ಲ. ಕ್ಲೆನ್ಸಿಂಗ್ ಮಿಲ್ಕ್ ಒಣ ಚರ್ಮದವರಿಗೆ, ಹಗುರ ಮೇಕಪ್ಪಿಗೆ ಒಳ್ಳೆಯದು, ಮದುಮಗಳ ಮೇಕಪ್ಪಿಗೆ ಸಾಲದು. ವೈಪ್ಸ್ ರೈಲಿನಲ್ಲಿ, ಬಸ್ಸಿನಲ್ಲಿ ಮಾತ್ರ.

ಬ್ಯಾಚ್ ನಂಬರ್, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು, ತಯಾರಕರ ಲೈಸೆನ್ಸ್ ನಂಬರ್ ಇಲ್ಲದ ಬಾಟಲಿ ಎಷ್ಟೇ ಅಗ್ಗವಾದರೂ ಬೇಡ. ಜಾತ್ರೆ, ಸಂತೆ ಅಂಗಡಿಯಲ್ಲಿ ದೊಡ್ಡ ಕಂಪನಿಯ ಹೆಸರಲ್ಲಿ ಅರ್ಧ ಬೆಲೆಗೆ ಸಿಗುವುದರ ಮೇಲೆ ಇವನ್ನು ವಿಶೇಷವಾಗಿ ಹುಡುಕಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಎಂದಿದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದು ಎಂದರ್ಥ.

ಮನೆಯ ಎಣ್ಣೆಗಳು

ಕೊಬ್ಬರಿ ಎಣ್ಣೆಯಿಂದ ಮೇಕಪ್ಪು ಬರುತ್ತದೆಯೇ? ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ತೊಂದರೆ ಇರುವುದು ಅದನ್ನು ಮುಖದಿಂದ ತೆಗೆಯುವುದರಲ್ಲಿ. ಅದರೊಳಗೆ ನೀರಿಗೆ ಬೆರೆಸುವ ವಸ್ತು ಇಲ್ಲ, ಆದ್ದರಿಂದ ನೀರು ಹಾಕಿದರೆ ಮೇಲೆಯೇ ಜಾರಿ ಹೋಗುತ್ತದೆ. ರಂಧ್ರ ಕಟ್ಟುವ ಗುಣವೂ ಇದೆ, ಮೊಡವೆ ಏಳುವ ಮುಖಕ್ಕೆ ಬೇಡ. ಮೊಡವೆಯ ಕಾಟ ಇಲ್ಲದವರು ಬಳಸುವುದಾದರೆ ಮೊದಲು ಒದ್ದೆ ಮೆದು ಬಟ್ಟೆಯಿಂದ ಎಣ್ಣೆಯನ್ನು ಪೂರ್ತಿ ಒರೆಸಿ, ಆಮೇಲೆ ಫೇಸ್‌ವಾಶ್ ಹಾಕಬೇಕು. ಕುಸುಬೆ ಎಣ್ಣೆ ಇದಕ್ಕಿಂತ ತೆಳು, ಆದರೆ ಬೇಗ ಕಮಟು ಹಿಡಿಯುತ್ತದೆ. ಬಿಡಿ ಎಣ್ಣೆ ತಂದು ಮುಖಕ್ಕೆ ಹಚ್ಚಬೇಡಿ, ಸೀಲ್ ಇರುವ ಸಣ್ಣ ಬಾಟಲಿಯದೇ ಆಗಲಿ. ಕೈಗೆಟುಕುವ ದರದಲ್ಲಿ, ಕಮಟು ಹಿಡಿಯದೆ, ಕಣ್ಣಿನ ಸುತ್ತಲ ಕಾಜಲ್‌ಗೆ ಕೆಲಸ ಕೊಡುವುದು ಮಿನರಲ್ ಆಯಿಲ್ ಆಧಾರದ ಬೇಬಿ ಆಯಿಲ್ ಅಥವಾ ವ್ಯಾಸಲೀನ್.

ಕಡಲೆಹಿಟ್ಟು ಹೊರಗಿನ ಎಣ್ಣೆ ಹೀರುತ್ತದೆ, ಸಿಲಿಕೋನಿನ ಪೊರೆಯನ್ನು ಮುಟ್ಟುವುದಿಲ್ಲ. ಅದು ಬರಲಿಲ್ಲವೆಂದು ಜೋರಾಗಿ ತಿಕ್ಕಿದರೆ ಕೆನ್ನೆ ಕೆಂಪಾಗುತ್ತದೆ. ನಿಂಬೆರಸ, ಅಡುಗೆ ಸೋಡಾ, ಸೀಗೆಕಾಯಿ ಮುಖದ ಹತ್ತಿರಕ್ಕೂ ಬೇಡ.

ಕೊಳ್ಳುವ ಮೊದಲು ತೋಳಿನ ಮೇಲೆ

ದೊಡ್ಡ ಬಾಟಲಿ ತರುವ ಮೊದಲು ಚಿಕ್ಕದನ್ನು ತಂದು ಹೀಗೆ ನೋಡಿ. ಮುಂಗೈ ಒಳಭಾಗದಲ್ಲಿ ನೀವು ನಿಜವಾಗಿ ಹಚ್ಚಿಕೊಳ್ಳುವ ಫೌಂಡೇಶನ್, ಕಾಜಲ್, ಲಿಪ್‌ಸ್ಟಿಕ್ ಒಂದೊಂದು ಬೆರಳಗಲ ಎಳೆಯಿರಿ. ಇಪ್ಪತ್ತು ನಿಮಿಷ ಒಣಗಲಿ. ಆಮೇಲೆ ಕ್ಲೆನ್ಸರ್ ಹಚ್ಚಿ 30 ಸೆಕೆಂಡು ಬೆರಳ ತುದಿಯಿಂದ ಹಗುರವಾಗಿ ಸುತ್ತಿಸಿ, ನಿಮ್ಮ ಮನೆಯ ನಲ್ಲಿ ನೀರಲ್ಲೇ ತೊಳೆದು ಒರೆಸಿ. ಕಾಜಲ್ ಗೆರೆ ಬೂದಿ ಬಣ್ಣಕ್ಕೆ ತಿರುಗಿ ಚರ್ಮದ ಗೆರೆಗಳಲ್ಲಿ ಉಳಿದಿದ್ದರೆ ಅದು ನಿಮ್ಮ ಕಾಜಲ್‌ಗೆ ಸಾಲದು. ಮೇಕಪ್ಪು ಬಂದರೂ ಒಣಗಿದ ಮೇಲೆ ಚರ್ಮ ಅಂಟಂಟಾಗಿದ್ದರೆ ನೀರಿಗೂ ಅದಕ್ಕೂ ಹೊಂದಿಕೆಯಿಲ್ಲ. ಅಂಗಡಿಯಲ್ಲಿ ಟೆಸ್ಟರ್ ಹಚ್ಚಿ ಟಿಶ್ಯೂನಿಂದ ಒರೆಸಿ ತೋರಿಸುವುದು ಈ ಎರಡನೆಯದನ್ನು ಎಂದೂ ಹೇಳುವುದಿಲ್ಲ.

ಬೇಗ ಕೆರಳುವ ಚರ್ಮದವರು ಮೊಣಕೈ ಮಡಿಕೆಯಲ್ಲಿ ದಿನಕ್ಕೆರಡು ಸಲ ಐದು ನಿಮಿಷ ಹಚ್ಚಿ ತೊಳೆಯುತ್ತ ಒಂದು ವಾರ ನೋಡುವುದು ಒಳ್ಳೆಯದು. ಮದುವೆಯ ಹಿಂದಿನ ದಿನ ಹೊಸ ಕ್ಲೆನ್ಸರ್ ಶುರು ಮಾಡಬೇಡಿ.

ತೆಗೆಯುವ ಕ್ರಮ

ಹತ್ತಿಯ ಮಾತನ್ನು ಮೊದಲೇ ಮುಗಿಸೋಣ. ರಾಯಚೂರು ಸೀಮೆಯ ಮನೆಗಳಲ್ಲಿ ಹತ್ತಿಗೆ ಬರವಿಲ್ಲ, ದೀಪದ ಬತ್ತಿಗೆಂದು ಇಟ್ಟದ್ದನ್ನೇ ಮೈಸೆಲ್ಲರ್ ನೀರಿಗೆ ಅದ್ದುವವರು ಬಹಳ. ಬೀಜ ಬಿಡಿಸಿದ ಹತ್ತಿಯ ಎಳೆಗೆ ಸಹಜವಾದ ಮೇಣದ ಲೇಪ ಇರುತ್ತದೆ, ನೀರನ್ನು ಹೀರುವುದಿಲ್ಲ. ಬಟ್ಟಲಲ್ಲಿ ಹಾಕಿ ನೋಡಿ, ತೇಲುತ್ತದೆ. ಮೆಡಿಕಲ್ ಶಾಪಿನ ಕಾಟನ್ ರೋಲ್ ಆ ಮೇಣವನ್ನು ತೆಗೆದದ್ದು, ಮುಟ್ಟಿದ ಕೂಡಲೇ ಮುಳುಗುತ್ತದೆ. ಎಣ್ಣೆ ಒರೆಸಲು ಬತ್ತಿಯ ಹತ್ತಿ ಆದೀತು, ಮೈಸೆಲ್ಲರ್ ನೀರಿಗೆ ರೋಲೇ ಬೇಕು. ರೋಲಿನ ಎಳೆ ರೆಪ್ಪೆಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಕಣ್ಣಿಗೆ ಅಂಚು ಹೊಲಿದ ಕಾಟನ್ ಪ್ಯಾಡ್ ವಾಸಿ. ಹತ್ತು ಸಲ ಒಗೆದ ಹಳೇ ದೋತರದ ತುಂಡು ಇದ್ದರೆ ಇನ್ನೂ ಚೆನ್ನ. ಅಂಗೈಯಗಲ ಎಂಟು ತುಂಡು ಮಾಡಿ ಇಟ್ಟುಕೊಳ್ಳಿ, ಬಳಸಿದ ಮೇಲೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ.

ಮೊದಲು ಕೈ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಮೇಕಪ್ಪಿಗಿಂತ ಮುಂಚೆ ಅದನ್ನು ತೆಗೆಯಿರಿ. ಬೈತಲೆಬೊಟ್ಟು, ಮೂಗುಬೊಟ್ಟು, ಓಲೆ ತೆಗೆದಿಟ್ಟು ಕೂದಲು ಹಿಂದಕ್ಕೆ ಕಟ್ಟಿ. ಅಂಟಿಸಿದ ರೆಪ್ಪೆ ಇದ್ದರೆ ಅದರ ಬುಡಕ್ಕೆ ಕಿವಿಕಡ್ಡಿಯಿಂದ ಎಣ್ಣೆ ಸವರಿ ಎರಡು ನಿಮಿಷ ಬಿಟ್ಟು, ಹೊರಗಿನ ಮೂಲೆಯಿಂದ ನಿಧಾನ ಎತ್ತಿ. ಒಣಗಿದ್ದಾಗಲೇ ಕಿತ್ತರೆ ಸ್ವಂತ ರೆಪ್ಪೆಯೂ ಜೊತೆಗೆ ಬರುತ್ತದೆ.

ಕಣ್ಣು ಮೊದಲು, ಮುಖ ಆಮೇಲೆ. ಪ್ಯಾಡಿಗೆ ಎರಡು ಪದರದ ರಿಮೂವರ್ 2ರಿಂದ 3 ಮಿಲಿ ಹಾಕಿ, ಮುಚ್ಚಿದ ಕಣ್ಣಿನ ಮೇಲೆ 30 ಸೆಕೆಂಡು ಸುಮ್ಮನೆ ಇಟ್ಟುಕೊಳ್ಳಿ. ಬಹುಪಾಲು ಮಂದಿ ತಪ್ಪುವುದು ಇಲ್ಲೇ. ಇಟ್ಟ ಕೂಡಲೇ ಉಜ್ಜಲು ಶುರು ಮಾಡುತ್ತಾರೆ, ಮಸ್ಕರಾ ಕರಗುವ ಮೊದಲೇ ಹರಡಿ ಕಣ್ಣಿನ ಸುತ್ತ ಕಪ್ಪಾಗುತ್ತದೆ. ಸಮಯ ಕೊಟ್ಟು, ಮೇಲಿನಿಂದ ಕೆಳಕ್ಕೆ ಒಂದೇ ಕಡೆಗೆ ಎಳೆಯಿರಿ. ಪ್ಯಾಡ್ ಮಡಿಸಿ ಹೊಸ ಬದಿಯಿಂದ ಮತ್ತೊಮ್ಮೆ. ರೆಪ್ಪೆಯ ಒಳ ಅಂಚಿನ ಕಾಜಲ್ ತೆಗೆಯಲು ಒಳಗೆ ಕಡ್ಡಿ ಹಾಕಬೇಡಿ, ಕಣ್ಣೀರೇ ಅದನ್ನು ಹೊರಗೆ ತರುತ್ತದೆ, ಮೂಲೆಗೆ ಬಂದದ್ದನ್ನು ಒರೆಸಿದರಾಯಿತು. ತುಟಿಗೂ ಹೀಗೇ ಹತ್ತಿಪ್ಪತ್ತು ಸೆಕೆಂಡು ಇಟ್ಟು, ಮೂಲೆಯಿಂದ ನಡುವಿಗೆ ಒರೆಸಿ.

ಈಗ ಮುಖ. ಕೈಯೂ ಒಣಗಿರಬೇಕು, ಮುಖವೂ ಒಣಗಿರಬೇಕು. ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 3 ಮಿಲಿ ಕ್ಲೆನ್ಸಿಂಗ್ ಆಯಿಲ್ ಅಂಗೈಗೆ ಹಾಕಿ ಒಂದು ನಿಮಿಷ ಹಗುರವಾಗಿ ಸುತ್ತಿಸಿ. ಕೆನ್ನೆಗೆ ಯಾರೂ ಕಡಿಮೆ ಮಾಡುವುದಿಲ್ಲ, ಮೂಗಿನ ಪಕ್ಕದ ಸಂದು, ಹುಬ್ಬಿನೊಳಗೆ, ಕೂದಲಂಚು, ಕಿವಿಯ ಮುಂಭಾಗ, ದವಡೆಯ ಕೆಳಗೆ ಮರೆಯುತ್ತಾರೆ. ಗುಳ್ಳೆ ಏಳುವುದೂ ಅಲ್ಲೇ. ನಂತರ ಬೆರಳ ತುದಿ ಒದ್ದೆ ಮಾಡಿಕೊಂಡು ಅದೇ ಎಣ್ಣೆಯ ಮೇಲೆ ಮತ್ತೆ ಅರ್ಧ ನಿಮಿಷ ಆಡಿಸಿ. ಎಣ್ಣೆ ಹಾಲಿನಂತೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಮೇಲೇ ನೀರು ಹೊಯ್ದು ತೊಳೆಯುವುದು. ಒದ್ದೆ ಮುಖಕ್ಕೆ ಎಣ್ಣೆ ಹಚ್ಚಿದರೆ ಅದು ಮೇಕಪ್ಪನ್ನು ಕರಗಿಸುವ ಮೊದಲೇ ಬೆಳ್ಳಗಾಗಿಬಿಡುತ್ತದೆ. 'ದುಬಾರಿ ಎಣ್ಣೆ ತಂದೆ, ಕೆಲಸವೇ ಮಾಡಲಿಲ್ಲ' ಎಂಬ ದೂರಿಗೆ ಬಹುತೇಕ ಇದೇ ಕಾರಣ.

ಕೊನೆಗೆ ಕಡಲೆಕಾಳಿನಷ್ಟು ಫೇಸ್‌ವಾಶ್ ಅಂಗೈಯಲ್ಲಿ ನೊರೆ ಮಾಡಿ 30 ಸೆಕೆಂಡು. ನೀರು ಉಗುರುಬೆಚ್ಚಗಿದ್ದರೆ ಸಾಕು. ಏಪ್ರಿಲ್, ಮೇನಲ್ಲಿ ಟ್ಯಾಂಕಿನ ನೀರು ಕೈ ಸುಡುವಷ್ಟು ಕಾದಿರುತ್ತದೆ, ಬಕೆಟ್ಟಿನಲ್ಲಿ ಹಿಡಿದು ತಣಿಸಿ. ಕೊನೆಯ ಎರಡು ತೊಳೆತ ಫಿಲ್ಟರ್ ನೀರಲ್ಲಿ ಮುಗಿಸಿ, ಟವೆಲ್ಲಿನಿಂದ ಒತ್ತಿ ಒರೆಸಿ, ಚರ್ಮ ಇನ್ನೂ ತುಸು ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ.

ಬಂತೋ ಇಲ್ಲವೋ ನೋಡಲು ಬಿಳಿ ಹತ್ತಿಗೆ ನಾಲ್ಕು ಹನಿ ಮೈಸೆಲ್ಲರ್ ನೀರು ಹಾಕಿ ದವಡೆಯ ಅಂಚಿಗೆ, ಮೂಗಿನ ಪಕ್ಕಕ್ಕೆ ಎಳೆಯಿರಿ. ಚರ್ಮದ ಬಣ್ಣದ ಅಥವಾ ಕಂದು ಕಲೆ ಬಂದರೆ ಮೊದಲ ಹಂತ ಸಾಲಲಿಲ್ಲ, ಎಣ್ಣೆಯನ್ನೇ ಇನ್ನೊಮ್ಮೆ ಹಚ್ಚಬೇಕು. ಫೇಸ್‌ವಾಶ್ ಮೂರು ಸಲ ಹಾಕುವುದರಿಂದ ಅದು ಹೋಗದು, ಚರ್ಮ ಮಾತ್ರ ಒಣಗುತ್ತದೆ. ಪರೀಕ್ಷೆ ಮುಗಿದ ಮೇಲೆ ಒರೆಸಿದ ಜಾಗಕ್ಕೆ ನೀರು ಹಾಕುವುದನ್ನು ಮರೆಯಬೇಡಿ.

ಅರಿಶಿನ, ಬಿಂದಿ, ಬಯಲಾಟದ ಬಣ್ಣ

ಅರಿಶಿನದ ಶಾಸ್ತ್ರ ಮುಗಿದ ಮೇಲೆ ಮುಖಕ್ಕೆ ಸೋಪು ಹಚ್ಚಬೇಡಿ. ಅರಿಶಿನದ ಕರ್ಕ್ಯುಮಿನ್ ಕ್ಷಾರ ತಗುಲಿದರೆ ಕೆಂಪಗಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಇದೇ ಗುಣದಿಂದ. ಕರ್ಕ್ಯುಮಿನ್ ನೀರಿಗಿಂತ ಎಣ್ಣೆಗೆ ಚೆನ್ನಾಗಿ ಬಿಡುತ್ತದೆ. ಒಣ ಮುಖಕ್ಕೆ ಕ್ಲೆನ್ಸಿಂಗ್ ಆಯಿಲ್, ಎರಡು ನಿಮಿಷ, ತೊಳೆತ. ಉಳಿದ ಹಳದಿ ಛಾಯೆ ಬೆಳಕಿಗೆ ತಾನೇ ಮಾಸುತ್ತದೆ, ಮರುದಿನ ಫೌಂಡೇಶನ್ ಹಚ್ಚುವವರಿಗೆ ಹೇಳಿಬಿಡಿ.

ಸ್ಟಿಕರ್ ಬಿಂದಿಯ ಗೋಂದು ಹಣೆಯಲ್ಲಿ ಉಳಿದರೆ ಉಗುರಿನಿಂದ ಕೆರೆಯಬೇಡಿ, ಒಂದು ಹನಿ ಎಣ್ಣೆ ಹಚ್ಚಿ ಎರಡು ನಿಮಿಷ ಬಿಟ್ಟು ಒರೆಸಿ. ಬಿಂದಿ ಇಡುವ ಜಾಗ ಕೆರೆತ ಬಂದು ಬೆಳ್ಳಗಾಗುತ್ತ ಹೋದರೆ ಗೋಂದಿನ ರಾಸಾಯನಿಕ ಆಗಿಬರುತ್ತಿಲ್ಲ. ಸ್ಟಿಕರ್ ಅಲ್ಲಿಗೇ ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಬೇಕು.

ರಾತ್ರಿಯಿಡೀ ಬಯಲಾಟ ಕುಣಿಯುವ ಕಲಾವಿದರ ಮುಖದ ಕಷ್ಟವೇ ಬೇರೆ, ಅದಕ್ಕೆ ಬೇಕಾದ ಗಮನ ಸಿಗುತ್ತಿಲ್ಲ. ಸಫೇದವೆಂದರೆ ಸತುವಿನ ಆಕ್ಸೈಡ್, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದರಿಂದ ಎಣ್ಣೆಗೇ ಬಿಡುತ್ತದೆ. ಹಳದಿಗೆ ಬಳಸುತ್ತ ಬಂದ ಅರದಾಳ ಆರ್ಸೆನಿಕ್‌ನ ಸಲ್ಫೈಡ್, ಕೆಂಪಿನ ಇಂಗಳೀಕ ಪಾದರಸದ ಸಲ್ಫೈಡ್. ಎರಡೂ ವಿಷ. ಈಗ ಇವಕ್ಕೆ ಬದಲು ಸುರಕ್ಷಿತ ಬಣ್ಣದ ಕಡ್ಡಿ, ಪ್ಯಾನ್‌ಕೇಕ್ ಸಿಗುತ್ತವೆ, ಅವನ್ನೇ ಬಳಸಿ. ಹಳೆಯದೇ ಇದ್ದಲ್ಲಿ ಬಣ್ಣ ತೆಗೆಯದೆ ಊಟ, ಎಲೆಅಡಿಕೆ ಬೇಡ, ತೆಗೆದ ಬಟ್ಟೆಯನ್ನು ಮನೆಯ ಬಟ್ಟೆಯೊಂದಿಗೆ ಒಗೆಯುವುದೂ ಬೇಡ. ಬಣ್ಣ ತೆಗೆಯಲು ಎರಡು ಚಮಚ ಎಣ್ಣೆ ಇಡೀ ಮುಖಕ್ಕೆ ಹಚ್ಚಿ ಮೂರು ನಿಮಿಷ ಬಿಟ್ಟು, ಹಣೆಯಿಂದ ಕೆಳಕ್ಕೆ ಒರೆಸಿ. ಪ್ರತಿ ಎಳೆತಕ್ಕೂ ಬಟ್ಟೆಯ ಹೊಸ ಬದಿ. ಮತ್ತೊಮ್ಮೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಫೇಸ್‌ವಾಶ್. ನೀರಲ್ಲಿ ಕಲಸುವ ಪ್ಯಾನ್‌ಕೇಕಿಗೆ ಎಣ್ಣೆ ಬೇಡ, ಮೈಸೆಲ್ಲರ್ ನೀರು, ಫೇಸ್‌ವಾಶ್ ಸಾಕು. ಮೀಸೆ ಅಂಟಿಸಿದ ಗೋಂದಿನ ಅಂಚಿಗೆ ಎಣ್ಣೆ ಬಿಟ್ಟು ಮೂರು ನಿಮಿಷ ತಡೆದು ಬಿಡಿಸಿ. ಸ್ಪಿರಿಟ್ ಬಳಸುವವರು ಬೀಡಿ, ದೀಪದಿಂದ ದೂರ ಇರಿ.

ಮೊಹರಂ ಹುಲಿವೇಷಕ್ಕೆ ಗೋಡೆಗೆ ಹಚ್ಚುವ ಎನಾಮಲ್ ಪೇಂಟ್ ಬಳಿದುಕೊಂಡು ಸೀಮೆಎಣ್ಣೆಯಿಂದ ತೆಗೆಯುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಎನಾಮಲ್ ಒಣಗಿ ಗಟ್ಟಿಯಾದ ಮೇಲೆ ಯಾವ ಕ್ಲೆನ್ಸರೂ ಅದನ್ನು ಕರಗಿಸದು. ಸೀಮೆಎಣ್ಣೆ, ಥಿನ್ನರ್ ಚರ್ಮದ ಕೊಬ್ಬನ್ನೆಲ್ಲ ಕಿತ್ತು ಉರಿ ಬೊಬ್ಬೆ ತರುತ್ತವೆ, ಬೆಂಕಿಯ ಅಪಾಯ ಬೇರೆ. ಮೈಗೆಂದೇ ಮಾಡಿದ ಬಣ್ಣ ಬಳಸಿ. ಆಗಲೇ ಪೇಂಟ್ ಬಳಿದಾಗಿದ್ದರೆ ಎಣ್ಣೆ ಹಚ್ಚಿ 20 ನಿಮಿಷ ನೆನೆಸಿ, ಎದ್ದಷ್ಟನ್ನು ಒರೆಸಿ, ಉಳಿದದ್ದಕ್ಕೆ ಮರುದಿನ ಮತ್ತೆ ಎಣ್ಣೆ.

ತೊಂದರೆ ಬಂದಾಗ

ಎಣ್ಣೆ ಹಚ್ಚಿದ ಮೇಲೆ ಕಣ್ಣು ಮಂಜಾದರೆ ಗಾಬರಿ ಬೇಡ, ಎಣ್ಣೆಯ ಪೊರೆ ಕಣ್ಣಿನೊಳಗೆ ಸೇರಿದೆ. ಶುದ್ಧ ನೀರು ಚಿಮುಕಿಸಿ ಕಣ್ಣು ಮಿಟುಕಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಗ್ಲಿಟರ್ ಕಣ ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ನೀರು ಧಾರೆಯಾಗಿ ಬಿಡಿ. ನೋವು, ಕೆಂಪು ಇಳಿಯದಿದ್ದರೆ ಅಂದೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ತೊಳೆದ ಮೇಲೆ ಮುಖ ಬಿಗಿದಂತಾಗಿ ಕೆನ್ನೆ ಸಿಪ್ಪೆ ಏಳುತ್ತಿದ್ದರೆ ಫೇಸ್‌ವಾಶ್ ಖಾರವಾಯಿತು, ಅಥವಾ ನೀರಿನ ಗಸಿ ಉಳಿಯಿತು. ಮೂರು ದಿನ ಕೊನೆಯ ತೊಳೆತ ಫಿಲ್ಟರ್ ನೀರಲ್ಲಿ ಮಾಡಿ ನೋಡಿ, ಸರಿಹೋದರೆ ಫೇಸ್‌ವಾಶ್ ಬದಲಿಸುವ ಖರ್ಚು ಉಳಿಯಿತು. ಗದ್ದ, ಕೂದಲಂಚಿಗೆ ಒಂದೇ ಥರದ ಸಣ್ಣ ಗುಳ್ಳೆ ಎದ್ದರೆ ಆ ಜಾಗಗಳಲ್ಲಿ ಎಣ್ಣೆ ಉಳಿಯುತ್ತಿದೆ. ಮೊಡವೆಗೆ ಡಾಕ್ಟರು ಕೊಟ್ಟ ಅಡಾಪಲೀನ್, ಟ್ರೆಟಿನೋಯಿನ್ ಜೆಲ್ ಹಚ್ಚುವವರು ಸ್ಕ್ರಬ್, ಒರಟು ಬಟ್ಟೆ ಮುಟ್ಟಬೇಡಿ. ಮುಖ ಊದಿಕೊಂಡರೆ, ನೀರ್ಗುಳ್ಳೆ ಬಂದರೆ, ಉರಿ ಎರಡು ದಿನಕ್ಕೂ ಇಳಿಯದಿದ್ದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಕ್ರೀಮ್ ತಂದು ಹಚ್ಚಬೇಡಿ, ಬಳಸಿದ ಬಾಟಲಿಯನ್ನೂ ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿವೆ.

ಬಾಟಲಿಯನ್ನು ಕಿಟಕಿ ಪಕ್ಕ, ಕಾರಿನೊಳಗೆ ಇಡಬೇಡಿ. ಗೋಡೆ ಕಾಯದ ಕೋಣೆಯ ಕೆಳಗಿನ ಕಪಾಟು ಸಾಕು, ಬಾಮ್ ಆದರೆ ಫ್ರಿಜ್ಜಿನ ಬಾಗಿಲಿನಲ್ಲಿ. ಎಣ್ಣೆ ಕಮಟು ವಾಸನೆ ಬಂದರೆ, ಎರಡು ಪದರದ ರಿಮೂವರ್ ಕುಲುಕಿದರೂ ಬೆರೆಯದೆ ತುಣುಕಾಗಿ ನಿಂತರೆ, ಅವಧಿ ಇನ್ನೂ ಇದ್ದರೂ ಚೆಲ್ಲಿ.